ಒರೆಸಿದ ಮಸಿ

ಹೊಸನಗರದ ಜ್ಯೋತಿಲಕ್ಷ್ಮಿ ಹದಿನಾಲ್ಕು ತಿಂಗಳು ಕೂತು ಮೊಳದುದ್ದದ ಯುದ್ಧವಿಮಾನದ ಮಾದರಿಯೊಂದನ್ನು ಕಟ್ಟಿದ್ದಳು. ತೀರಿಹೋದ ಅಪ್ಪ ಕನ್ನಪ್ಪ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದಾಗ ದುರಸ್ತಿ ಮಾಡುತ್ತಿದ್ದ ವಿಮಾನವದು. ಅಪ್ಪನ ಹಳೆಯ ಫೋಟೊ ನೋಡಿಕೊಂಡು ಬಾಲದ ಹೊಗೆಮಸಿ, ರೆಕ್ಕೆಯ ಮೇಲೆ ಎಣ್ಣೆ ಸೋರಿದ ಗುರುತು ಎಲ್ಲವನ್ನೂ ಸಣ್ಣ ಕುಂಚದಲ್ಲಿ ಬಿಡಿಸಿದ್ದಳು. ಚಕ್ರ ಅಂಟಿಸುವುದೊಂದೇ ಬಾಕಿಯಿತ್ತು.

ಭಾನುವಾರ ಪೇಟೆಯಿಂದ ಬಂದು ನೋಡಿದರೆ ವಿಮಾನ ಫಳಫಳ ಹೊಳೆಯುತ್ತಿತ್ತು. ಊಟಕ್ಕೆಂದು ಬಂದಿದ್ದ ಅಕ್ಕನ ಗಂಡ ಲೋಕಪ್ಪನ ಕೈಯಲ್ಲಿ ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿತ್ತು.

“ಎಷ್ಟ್ ಕೊಳೆ ಕೂತಿತ್ತು ಮಾರಾಯ್ತಿ, ಒರೆಸಿಟ್ಟೆ” ಎಂದ.

“ಕೊಳೆಯಲ್ಲ ಭಾವ, ನಾನೇ ಬಿಡಿಸಿದ್ದು. ಒಂದ್ ಮಾತು ಕೇಳ್ಬೇಕಿತ್ತು.”

“ಆಟದ ಸಾಮಾನಿಗೆ ಇಷ್ಟ್ ಸಿಟ್ಟಾ?”

ಅವಳ ಮೈಯೆಲ್ಲ ಉರಿಯಿತು. “ಇಪ್ಪತ್ತು ವರ್ಷ ಆ ಮಸಿ ಅಪ್ಪನ ಉಗುರಲ್ಲಿತ್ತು. ಅದೂ ಕೊಳೆನಾ? ನಡೀರಿ ಹೊರಗೆ.”

ಲೋಕಪ್ಪ ಉಣ್ಣದೆಯೇ ಹೊರಟುಹೋದ. ತಪ್ಪಾಯ್ತು ಅನ್ನು ಎಂದು ಅಕ್ಕ ಫೋನಿನಲ್ಲಿ ಗೋಗರೆದರೂ ಜ್ಯೋತಿಲಕ್ಷ್ಮಿ ಅನ್ನಲಿಲ್ಲ. ಮರುದಿನವೇ ಮತ್ತೆ ಕಪ್ಪು ಬಣ್ಣ ಕಲಸಿದಳು. ಅಪ್ಪನ ಫೋಟೊ ಎದುರಿಗಿಟ್ಟುಕೊಂಡು ಬಾಲದಿಂದ ಶುರುಮಾಡಿದಳು.

ತಿಂಗಳಾದ ಮೇಲೆ ವಿಮಾನ ಮುಗಿಯಿತು. ಅದರ ಫೋಟೊವನ್ನು ಅಕ್ಕನಿಗೆ ಕಳಿಸಿ ಕೆಳಗೆ ಬರೆದಳು: “ಭಾವನೂ ಬಂದು ನೋಡಲಿ. ಕೈ ಮಾತ್ರ ಹಿಂದೆ ಕಟ್ಟಿಕೊಂಡಿರಲಿ.”