ಮೇಸನ್ ಎಂದರೆ

ಆಸ್ಪತ್ರೆಯ ಕಿಟಕಿಪರದೆಯ ಸಂದಿನಿಂದ ಬಿಸಿಲಿನ ಒಂದು ಪಟ್ಟಿ ಮಗುವಿನ ಟೋಪಿಯ ಮೇಲೆ ಬಿದ್ದಿದೆ, ಈಗ ಹುಬ್ಬಿಗಿಳಿಯಿತು, ಇನ್ನು ಕಣ್ಣಿಗೆ ಬರುತ್ತದೆ, ಎದ್ದು ಪರದೆ ಎಳೆಯೋಣವೆಂದರೆ ಹೊಲಿಗೆ ಜಗ್ಗುತ್ತದೆ — ಇರಲಿ, ತಾನೇ ಮುಖ ತಿರುಗಿಸಿಕೊಂಡ, ಜಾಣ, ನಿನ್ನೆ ಹುಟ್ಟಿದವನು ಇವತ್ತು ಬಿಸಿಲು ತಪ್ಪಿಸಿಕೊಳ್ಳಲು ಕಲಿತ, ಹೆಸರು ಮಾತ್ರ ಇನ್ನೂ ಇಲ್ಲ. ಬರ್ತ್ ಸರ್ಟಿಫಿಕೇಟಿನ ಫಾರ್ಮ್ ಒಯ್ಯಲು ಹನ್ನೆರಡಕ್ಕೆ ಬರುತ್ತಾರಂತೆ, ಈಗ ಹನ್ನೊಂದು, ಅತ್ತೆ ಕುರ್ಚಿಯಲ್ಲಿ ಕೂತು ಕನ್ನಡಕ ಮೂಗಿನ ತುದಿಗಿಳಿಸಿ ಐಪ್ಯಾಡಿನಿಂದ ಇಂಗ್ಲಿಷ್ ಗಂಡುಹೆಸರುಗಳನ್ನೂ ಅವುಗಳ ಅರ್ಥವನ್ನೂ ಓದುತ್ತಿದ್ದಾರೆ, ಹಾಜರಿ ಕರೆದಂತೆ, ಕ್ಯಾಲ್ವಿನ್, ಲ್ಯಾಟಿನ್, ಬೋಳುತಲೆಯವನು, ಅಯ್ಯೋ ಇವನಿಗೆ ಮೊದಲೇ ಕೂದಲಿಲ್ಲ, ಬೇಡಪ್ಪ, ಕ್ಯಾಮರನ್, ಸ್ಕಾಟ್ಲೆಂಡಿನದು, ಸೊಟ್ಟಮೂಗಿನವನು, ಇಂಥ ಹೆಸರು ಯಾರಾದ್ರೂ ಇಡ್ತಾರಾ ಭೂಮಿಕಾ, ಥಿಯೋಡೋರ್, ಗ್ರೀಕ್, ದೇವರು ಕೊಟ್ಟವನು, ನೋಡು, ನಮ್ಮ ದೇವದತ್ತನೇ. ಇಂಗ್ಲಿಷ್ ಹೆಸರೇ ಬೇಕೆಂದವನು ನಕುಲ್, ನನ್ನ ಗಂಡ, ಇಲ್ಲೇ ಎಡಿಸನ್ನಿನಲ್ಲಿ ಹುಟ್ಟಿ ಬೆಳೆದವನು, ಇಡೀ ಕ್ಲಾಸು ಅವನನ್ನು ನಕಲ್ ಎಂದು ಕರೆದು, ಇಂಗ್ಲಿಷಿನಲ್ಲಿ ಬೆರಳಗೆಣ್ಣು, ಅವನೆದುರು ಲಟಲಟ ಬೆರಳು ಮುರಿಯುತ್ತಿತ್ತಂತೆ, ನನ್ನ ಮಗನಿಗೆ ಅದು ಬೇಡ ಪ್ಲೀಸ್, ಮೇಸನ್ ಅಂತಿಡೋಣ, ಸೌಂಡ್ಸ್ ಸ್ಟ್ರಾಂಗ್ ಎನ್ನುತ್ತಾನೆ. ಸೌಂಡ್ ಅಷ್ಟೇ ಅವನಿಗೆ ಕೇಳುವುದು, ನನ್ನ ಆಫೀಸಿನಲ್ಲೇ ಒಬ್ಬ ಕಾರ್ಟರ್ ಇದ್ದಾನೆ, ಗಾಡಿ ಹೊಡೆಯುವವನು, ಒಬ್ಬ ಕೂಪರ್, ಪೀಪಾಯಿ ಮಾಡುವವನು, ಒಬ್ಬ ಟೈಲರ್, ದರ್ಜಿಯಲ್ಲ, ಹೆಂಚು ಹೊದಿಸುವವನು, ಯಾವುದೋ ಕಾಲದ ಕಸುಬನ್ನು ಹೆಸರಿನಲ್ಲಿ ಹೊತ್ತುಕೊಂಡು ಮೂವರೂ ಮೀಟಿಂಗಿಗೆ ಬರುತ್ತಾರೆ, ಒಬ್ಬನೂ ತಲೆ ತಗ್ಗಿಸುವುದಿಲ್ಲ. ನಾನು ಭೂಮಿಕಾ ಗೌಂಡಿ, ಸಮರ್‌ಸೆಟ್‌ನ ಆ ಐದಂತಸ್ತಿನ ಪಾರ್ಕಿಂಗ್ ಕಟ್ಟಡದ ಕಂಬಗಳೆಲ್ಲ ನನ್ನ ನಕ್ಷೆಯ ಮೇಲೆ ನಿಂತಿವೆ, ಅಪ್ಪ ಎಬ್ಬಿಸಿದ ಗೋಡೆಗಳು ಬಾಗಲಕೋಟೆಯ ಓಣಿ ಓಣಿಯಲ್ಲಿವೆ, ಗೋಡೆ ಕಟ್ಟುವವನಿಗೆ ನಮ್ಮ ಕಡೆ ಗೌಂಡಿ ಎನ್ನುತ್ತಾರೆ, ಅದೇ ನಮ್ಮ ಅಡ್ಡಹೆಸರು, ಮದುವೆಯ ಕಾರ್ಡಿನಲ್ಲಿ ಮಾತ್ರ ನಾನು ಭೂಮಿಕಾ ಜಿ. ಆದೆ, ಜಾಗ ಸಾಲಲಿಲ್ಲಮ್ಮ ಅಂದಿದ್ದರು ಅತ್ತೆ, ಕಾರ್ಡಿನ ಸುತ್ತ ನಾಲ್ಕು ಬೆರಳು ಅಗಲದ ಚಿನ್ನದ ಬಳ್ಳಿ, ನಾನು ಹೂಂ ಅಂದುಬಿಟ್ಟೆ, ಅಪ್ಪ ಕಾರ್ಡು ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡ, ಅದು ಇನ್ನೂ ಒಳಗೆಲ್ಲೋ ಚುರ್ ಎನ್ನುತ್ತದೆ.

ಮೇಸನ್, ಅತ್ತೆಯ ಬೆರಳು ನಿಂತಿತು, ಫ್ರೆಂಚ್ ಮೂಲ, ಕಲ್ಲಿನ ಕೆಲಸದವನು, ಅಂದ್ರೆ ಶಿಲ್ಪಿ, ಎಷ್ಟು ಚೆನ್ನಾಗಿದೆ ಕಣೋ ನಕುಲ್, ಇದೇ ಇರಲಿ. ಹೂಂ ಎಂದುಬಿಡಬಹುದು, ಎಲ್ಲರಿಗೂ ಖುಷಿ, ಅಪ್ಪನ ಕಸುಬು ಮೊಮ್ಮಗನ ಹೆಸರಿನಲ್ಲಿ ಕಳ್ಳನ ಹಾಗೆ ಕೂತಿರುತ್ತದೆ, ನನಗೊಬ್ಬಳಿಗೇ ಗೊತ್ತು — ಬೇಡ, ಈ ಸಲ ಬೇಡ. ಶಿಲ್ಪಿ ಅಲ್ಲ ಅತ್ತೆ, ಗೌಂಡಿ. ಅಂದೇಬಿಟ್ಟೆ, ನಿನ್ನೆ ಹದಿನಾರು ತಾಸು ನೋವು ತಿಂದವಳಿಗೆ ಇದೇನು ಮಹಾ. ವೇಯ್ಟ್, ಗೌಂಡಿ ಮೀನ್ಸ್ ಮೇಸನ್? ಕಾಫಿ ಹಿಡಿದು ಒಳಗೆ ಬರುತ್ತಿದ್ದ ನಕುಲ್ ಬಾಗಿಲಲ್ಲೇ ನಿಂತ, ಐದು ವರ್ಷ ಸಂಸಾರ ಮಾಡಿ ಈಗ ಕೇಳುತ್ತಿದ್ದಾನೆ. ಹಾಗಾದ್ರೆ ಥಿಯೋಡೋರೇ ಇಡೋಣ್ವಾ, ಅತ್ತೆ ಮೆಲ್ಲಗೆ ಅಂದರು. ಇಂಗ್ಲಿಷಲ್ಲಿ ಚೆನ್ನಾಗಿತ್ತು, ಕನ್ನಡಕ್ಕೆ ಬಂದ ಕೂಡ್ಲೇ ಬೇಡವಾಯ್ತಾ ಅತ್ತೆ. ಅವರು ಮಗುವಿನ ಹೊದಿಕೆ ಸರಿಮಾಡಿದರು, ಅದು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಅಪ್ಪನ ವಿಡಿಯೋ ಕಾಲ್, ಬಾಗಲಕೋಟೆಯಲ್ಲಿ ರಾತ್ರಿಯೂಟ ಮುಗಿದಿರಬೇಕು, ಹೆಗಲ ಟವೆಲಿನಿಂದ ಬಾಯಿ ಒರೆಸುತ್ತಿದ್ದಾನೆ, ಏನ್ ಹೆಸರ ಇಟ್ರೇವಾ, ಮೇಸನ್ ಅಂತ ನಡದೈತಪ್ಪ, ಹಂಗಂದ್ರೇನು, ಹಂಗಂದ್ರ ಗೌಂಡಿ. ಅಪ್ಪ ನಕ್ಕ ನಕ್ಕ, ಫೋನು ಅಲುಗಾಡಿ ಮನೆಯ ಜಂತಿ ಕಾಣಿಸಿತು, ಮತ್ತ ಗೌಂಡಿ ಅಂತನ ಇಡ್ರಿ, ಅಷ್ಟ ದೂರ ಸುತ್ತಹಾಕ್ಕೊಂಡು ಬರೋದ್ಯಾಕ. ಮೊದಲು ನಕ್ಕವರು ಅತ್ತೆಯೇ, ತಡೆಯಲಾಗದೆ, ಸೆರಗು ಬಾಯಿಗೆ ಒತ್ತಿ, ಆಮೇಲೆ ಪರ್ಸಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು, ಪೂರ್ತಿ ಬರಿಯಮ್ಮ, ಇನಿಷಿಯಲ್ ಬೇಡ, ಅವತ್ತು ಮದುವೆ ಕಾರ್ಡಲ್ಲೂ ಜಾಗ ಇತ್ತು. ಬರೆದೆ, ಫಸ್ಟ್ ನೇಮ್ ಮೇಸನ್, ಮಿಡಲ್ ನೇಮ್ ಗೌಂಡಿ, ಹೀ ಈಸ್ ಮೇಸನ್ ಮೇಸನ್, ನಕುಲ್ ಅಂದ, ಇರಲಿ, ಒಂದು ನಿನ್ನ ಕ್ಲಾಸಿನವರಿಗೆ, ಒಂದು ನಮಗೆ ಎಂದೆ.

ನರ್ಸ್ ಬಂದು ಮಗುವಿನ ಅಂಗಾಲಿಗೆ ಮಸಿ ಹಚ್ಚಿ ಕಾರ್ಡಿನ ಮೇಲೆ ಒತ್ತಿದಳು, ನೆನಪಿಗಂತೆ, ಕಡಲೆಕಾಯಿಯಷ್ಟು ಪಾದ, ಕೂದಲೆಳೆಯಂಥ ಗೆರೆಗಳು ಒಂದೂ ತಪ್ಪದೆ ಮೂಡಿವೆ, ಅಪ್ಪನಿಗೆ ತೋರಿಸಿದೆ, ಎಷ್ಟ ಗೆರಿ ಅದಾವ ನೋಡು ನನ ಮೊಮ್ಮಗಂದು, ನನ್ನವೆಲ್ಲಾ ಸಿಮಿಟ್ ತಿಂದೈತಿ, ಎಂದು ತನ್ನ ಹೆಬ್ಬೆರಳು ಕ್ಯಾಮೆರಾಕ್ಕೆ ಹಿಡಿದ. ಕಾಲ್ ಮುಗಿದಿದೆ, ಫಾರ್ಮ್ ಹೋಯಿತು, ಅತ್ತೆ ಯಾರಿಗೋ ಫೋನಿನಲ್ಲಿ ಹೆಸರು ಹೇಳುತ್ತಿದ್ದಾರೆ, ಗೌಂಡಿ ಎಂದೂ ಹೇಳಿದರು, ಕೇಳಿಸಿತು, ನಕುಲ್ ಸೂಪು ಕುಡೀತೀಯಾ ಎನ್ನುತ್ತಾನೆ, ಕುಡಿಯುತ್ತೇನೆ, ಹಸಿವಾಗಿದೆ, ನಾಳೆ ಹಿಲ್ಸ್‌ಬರೋದ ನಮ್ಮ ಮನೆಗೆ, ಕಾರ್ ಸೀಟ್ ಕಟ್ಟಬೇಕು — ಆದರೆ ಮತ್ತೆ ಅದು, ಅಪ್ಪನ ಹೆಬ್ಬೆರಳು, ಸಿಮೆಂಟು ಸವರಿ ಗಿಲಾವು ಮಾಡಿದ ಗೋಡೆಯ ಹಾಗೆ ನುಣ್ಣಗೆ — ಸೂಪು ಆರುತ್ತಿದೆ — ಹೆಬ್ಬೆರಳು, ಫೋನಿನ ತುಂಬ, ಒಂದು ಗೆರೆಯೂ ಇಲ್ಲದೆ.