ಜೆರಾಕ್ಸಣ್ಣನ ಮೇಲಿನ ಕೇಸು

“ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ!” ಎಂದು ಮೈದುನ, ಬಾಗಿಲಿಗೆ ಬಂದ ವಕೀಲನ ಎದೆಗೆ ಕೈಯೊಡ್ಡಿ ತಡೆದ.

ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದವಳು ಎದ್ದು ಬಂದಳು. “ಬಿಡಪ್ಪಾ, ಬರಲಿ. ನಾನೇ ಇವನ ದಾರಿ ಕಾಯ್ತಿದ್ದೆ.”

ಮನೆ ತುಂಬ ಜನ. ಕಾಲೇಜಿನ ಎದುರು ಗೂಡಿನಂಥ ಅಂಗಡಿಯಲ್ಲಿ ಯಂತ್ರವಿಟ್ಟುಕೊಂಡು ಪಠ್ಯಪುಸ್ತಕ ನಕಲು ಮಾಡಿಕೊಡುತ್ತಿದ್ದ ಜೆರಾಕ್ಸಣ್ಣನಿಗೆ ನೆಂಟರಿಗಿಂತ ಗಿರಾಕಿಗಳೇ ಹೆಚ್ಚು. ಹೊರದೇಶದ ಒಂದು ವೈದ್ಯಕೀಯ ಪುಸ್ತಕದ ಬೆಲೆಯಲ್ಲಿ ಇಲ್ಲೊಂದು ಸಂಸಾರ ತಿಂಗಳು ಕಳೆಯುತ್ತಿತ್ತು. ಬಡವರ ಮಕ್ಕಳು ಇನ್ನೇನು, ಮುಖಪುಟ ನೋಡಿ ಡಾಕ್ಟರಾಗಬೇಕಿತ್ತೆ?

“ನನ್ನ ಹೊಟ್ಟೆ ಆಪರೇಷನ್ ಮಾಡಿದ ಡಾಕ್ಟ್ರೂ ಇವರ ಜೆರಾಕ್ಸ್ ಓದಿದವರೇ ಅಂತೆ,” ಎಂದರು ಪಕ್ಕದ ಮನೆಯ ಮೇಷ್ಟ್ರು.

“ಆ ಡಾಕ್ಟ್ರು ನಾನೇ ಸಾರ್,” ಎಂದಳು ಹಿಂದೆ ನಿಂತವಳು. “ಒಂದು ಪುಟ ತಲೆಕೆಳಗಾಗಿತ್ತು. ಪುಣ್ಯಕ್ಕೆ ಹೊಟ್ಟೆಯದಲ್ಲ.”

ಎಲ್ಲರೂ ನಕ್ಕರು. ನಗುತ್ತಲೇ ಡಾಕ್ಟರು ಅತ್ತುಬಿಟ್ಟಳು.

*

ಪ್ರಕಾಶಕರು ಕೇಸು ಹಾಕಿದಾಗ ಅವರ ಪರ ನಿಂತವನು ಇದೇ ವಕೀಲ. “ಬರೆದವರ ಹಕ್ಕು ಕಾಯದ ದೇಶ ಉದ್ಧಾರವಾಗೋದಿಲ್ಲ. ಇದು ಕಳ್ಳತನ. ಈತ ಕಳ್ಳ,” ಎಂದು ಕಟಕಟೆಯತ್ತ ಕೈ ತೋರಿಸಿದ್ದ.

“ಬರೆದೋರಿಗೂ ಹೊಟ್ಟೆ ಇದೆ, ಒಪ್ತೀನಿ ಸ್ವಾಮಿ. ಆದ್ರೆ ಓದದ ದೇಶ ಉದ್ಧಾರ ಆಗುತ್ತಾ?” ಎಂದಷ್ಟೇ ಗಂಡ ಕೇಳಿದ. ತೀರ್ಪು ಪ್ರಕಾಶಕರ ಕಡೆಗಾಯಿತು, ಯಂತ್ರ ಜಪ್ತಿಯಾಯಿತು.

ಕೋರ್ಟಿನಿಂದ ಮನೆಗೆ ಬಂದವಳೇ ಅವಳು ಗಂಡನ ಮೇಲೆ ರೇಗಿದಳು. “ಕಾನೂನು ಪರೀಕ್ಷೆ ಹಿಂದಿನ ಸಂಜೆ ಶಟರ್ ಎತ್ತಿಸಿ, ಇಡೀ ಪುಸ್ತಕ ನಕಲು ಮಾಡಿಸ್ಕೊಂಡು ಹೋದೋನು ಅವನೇ! ಯಾಕ್ರೀ ಹೇಳ್ಲಿಲ್ಲ?”

“ಪಾಪ, ಅವನಿಗೂ ಹೊಟ್ಟೆಪಾಡು ಕಣೇ. ತುಂಬಿದ ಕೋರ್ಟಲ್ಲಿ ಹುಡುಗನ ಮಾನ ಕಳೀಬೇಕಿತ್ತಾ?”

ಅವನ ಮಾನ ಉಳಿಯಿತು. ಗಂಡನದು? ಅಂದಿನಿಂದ ಬೀದಿಗೆ ಇಳಿಯಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಒಳಕೋಣೆ ಸೇರುತ್ತಿದ್ದ. ಕೊನೆಗೆ ಕೇಳಿದ್ದೂ ಅದನ್ನೇ: “ನಾನು ಕಳ್ಳನೇನೇ?” ಅವಳು ಬಾಯಿ ತೆರೆಯುವಷ್ಟರಲ್ಲಿ ಉಸಿರು ನಿಂತಿತ್ತು.

*

ಹೊತ್ತಾಯಿತು ಎಂದರು ಯಾರೋ. ವಕೀಲ ಮುಂದೆ ಬಂದ. “ನಾನೂ ಹೆಗಲು ಕೊಡ್ತೀನಮ್ಮಾ.”

“ಹೆಗಲು ಬೇಡ, ಬಾಯಿ ಬಿಡು. ಅವರು ಕಳ್ಳ ಅಲ್ಲ ಅಂತ ಇಷ್ಟು ಜನರ ಮುಂದೆ ಒಂದೇ ಒಂದು ಮಾತು ಹೇಳು, ಸಾಕು.”

ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. “ಅಪೀಲು ಇನ್ನೂ ನಡೀತಿದೆಯಮ್ಮಾ, ಪ್ರಕಾಶಕರ ಕಡೆ ನಾನೇ... ನನ್ನ ಬಾಯಿಂದ ಹೇಗೆ...”

ಅವಳು ಬಯ್ಯಲಿಲ್ಲ. ಗಂಡನ ಕಿವಿಯ ಹತ್ತಿರ ಬಗ್ಗಿ, “ಕಳ್ಳ ಅಲ್ಲ ಕಣ್ರೀ ನೀವು,” ಎಂದಳು. ಕೇಳಿಸಿತೋ ಇಲ್ಲವೋ ಎಂಬಂತೆ ಮುಖವನ್ನೇ ನೋಡಿದಳು. ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಹೊರಲು ಬಗ್ಗಿದ್ದ ನಾಲ್ವರೂ ಹಾಗೇ ಬಗ್ಗಿಕೊಂಡಿದ್ದರು. ಎತ್ತಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.