ಧೈರ್ಯ ಸಾಲದ ಮನುಷ್ಯ

"ನಿಲ್ಲಿ, ಇಲ್ಲೇ ಇಳಿಸಿ," ಎಂದು ಸಮಿತ್ ತಿರುಗಿ ನಿಂತಾಗ ಚಟ್ಟ ಎರಡನೇ ಮಾಳಿಗೆಯ ತಿರುವಿನಲ್ಲಿತ್ತು. ಅವನ ಒಂದು ಕೈಯಲ್ಲಿ ಕೆಂಡದ ಮಡಕೆ, ಇನ್ನೊಂದರಲ್ಲಿ ಫೋನು. ಹೊತ್ತಿದ್ದ ನಾಲ್ವರಲ್ಲಿ ಮುಂದಿನ ಇಬ್ಬರು ಆಗಲೇ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಹಿಂದೆ ಸರಿಯಲು ಜಾಗವಿರಲಿಲ್ಲ.

"ಏನಾಯ್ತು?" ಎಂದ ಕಿಟ್ಟು. ಸಮಿತ್‌ನ ತೀರಿಹೋದ ಅಪ್ಪ ಸರ್ವೋತ್ತಮ ಶೆಟ್ಟರ ಜೊತೆ ಡೊಂಬಿವಲಿಯಿಂದ ಠಾಣೆಗೆ ಒಂದೇ ಲೋಕಲ್ ರೈಲಿನಲ್ಲಿ ವರ್ಷಗಟ್ಟಲೆ ಓಡಾಡಿದವನು. ಮುಂದಿನ ಬಲಗಡೆಯ ಹೆಗಲು ಅವನದು.

"ಭುಜಂಗ ಮಾಮ ಶಿಲ್ ಫಾಟಾದ ಟ್ರಾಫಿಕ್‌ನಲ್ಲಿ ಅಟಕಿದ್ದಾರೆ. ದಸ್ ಮಿನಿಟ್. ಅವರು ಬೇಲಾಪುರದಿಂದ ಸ್ಪೆಶಲ್ ಆಗಿ ಬರ್ತಾ ಇರೋದು."

"ಮೇಲೆ ಮನೆಯಲ್ಲೇ ಕಾಯಬಹುದಿತ್ತಲ್ಲ ಮಾರಾಯ."

"ಆಗ ಮೆಸೇಜ್ ಬಂದಿರ್ಲಿಲ್ಲ."

ಲಿಫ್ಟಿನಲ್ಲಿ ಚಟ್ಟ ಹಿಡಿಸುತ್ತಿರಲಿಲ್ಲ. ಹಾಗಾಗಿ ಸರ್ವೋತ್ತಮ ಶೆಟ್ಟರನ್ನು ಯಾರದೋ ಮನೆಯ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಇಳಿಸಲಾಯಿತು. ಬಾಗಿಲು ತೆರೆದ ಮರಾಠಿ ಹೆಂಗಸು ಒಮ್ಮೆ ನೋಡಿ, ಚಪ್ಪಲಿಗಳನ್ನು ಒಳಗೆ ಎಳೆದುಕೊಂಡು, ಸದ್ದಾಗದಂತೆ ಬಾಗಿಲು ಹಾಕಿದಳು.

"ಹೆಣಕ್ಕೆ ಅವಸರ ಇಲ್ಲ, ನಿಜ," ಎಂದು ಕಿಟ್ಟು ಹೆಗಲು ತಿಕ್ಕಿಕೊಂಡ. "ಆದ್ರೆ ಮರ್ಯಾದೆ ಅಂತ ಒಂದುಂಟು."

ಸಮಿತ್ ಕೇಳಿಸದವನಂತೆ ಫೋನಿಗೆ ತಲೆ ಬಗ್ಗಿಸಿದ. ಅವನಿಗೊಂದು ಪಾಡ್‌ಕಾಸ್ಟ್ ಇತ್ತು, ಹೆಸರು 'ಶಿಖರ್'. ಗೆದ್ದವರನ್ನು ಕೂರಿಸಿಕೊಂಡು ನೀವು ಹೇಗೆ ಗೆದ್ದಿರಿ ಎಂದು ಕೇಳುವುದು, ಅವರು ಹೇಳಿದ್ದಕ್ಕೆಲ್ಲ ವಾಹ್ ಎನ್ನುವುದು ಅದರಲ್ಲಿ ಅವನ ಕೆಲಸ. ಬೆಳಗಿನ ಜಾವ ಎದ್ದು ಮಂಜುಗಡ್ಡೆಯ ನೀರಿನಲ್ಲಿ ಕೂರುವ ಬಿಲ್ಡರ್, ಮನೆಯವರ ಹೆಸರು ಮರೆಯುವಷ್ಟು ದುಡಿದದ್ದನ್ನು ಹೆಮ್ಮೆಯಿಂದ ಹೇಳುವ ಡಾಕ್ಟರ್, ಗುಡ್ಡದ ಮೇಲೆ ಹತ್ತು ದಿನ ಮೌನವಾಗಿದ್ದು ಬಂದು ಆ ಮೌನದ ಬಗ್ಗೆ ಎರಡು ಗಂಟೆ ಮಾತಾಡುವ ಚಿಂತಕ, ಇಂಥವರೆಲ್ಲ ಬಂದು ಹೋಗಿದ್ದರು. ಒಬ್ಬರಿಗೂ ತಮ್ಮ ಗೆಲುವಿನಲ್ಲಿ ಬೇರೆ ಯಾರ ಪಾಲೂ ಇದ್ದ ನೆನಪಿರಲಿಲ್ಲ. ಭುಜಂಗ ಶೆಟ್ಟರು ಬಂದ ಸಂಚಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದರು. ಅಲ್ಲಿಂದಾಚೆ 'ಶಿಖರ್'ನ ಪ್ರಾಯೋಜಕರೂ ಅವರೇ.

ಮೇಲಿನ ಮಾಳಿಗೆಯಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದ ವಿನೋದಾ ಕೆಳಗೆ ನೋಡಿದರು. ಗಂಡನ ಪಾದಗಳಷ್ಟೇ ಕಾಣುತ್ತಿದ್ದವು.

*

ಭುಜಂಗ ಶೆಟ್ಟರು ವಿನೋದಾರ ಚಿಕ್ಕಮ್ಮನ ಮಗ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಅವರ ಗೋಡೌನು. ಅಲ್ಲಿ ಸರ್ವೋತ್ತಮ ಶೆಟ್ಟರು ಗುಮಾಸ್ತರಾಗಿದ್ದರು. ಬರುವ ದೀಪಾವಳಿಗೆ ನಿನ್ನನ್ನು ಪಾಲುದಾರ ಮಾಡಿಕೊಳ್ಳುತ್ತೇನೆ ಎಂದು ಭುಜಂಗ ಶೆಟ್ಟರು ಹೇಳಿದ್ದು ಎರಡು ಸಾವಿರದ ಆರರಲ್ಲಿ. ವಿನೋದಾ ಆ ಮಾತಿನ ಮೇಲೆಯೇ ಖಾರ್‌ಘರ್‌ನಲ್ಲಿ ಫ್ಲ್ಯಾಟು ನೋಡಿ ಬಂದಿದ್ದರು.

ಸರ್ವೋತ್ತಮ ಶೆಟ್ಟರು ಪುಕ್ಕಲು. ಪಾಸು ಜೇಬಿನಲ್ಲಿದ್ದರೂ ಟಿಕೆಟ್ ಚೆಕರನ್ನು ಕಂಡರೆ ಬೆವರುತ್ತಿದ್ದರು. ತರಕಾರಿಯವಳು ಕೊಳೆತ ಟೊಮೇಟೊ ಹಾಕಿದರೆ ತಂದು ಹೆಂಡತಿಯ ಬೈಗುಳ ತಿನ್ನುತ್ತಿದ್ದರೇ ಹೊರತು ಅವಳಿಗೆ ಹೇಳುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ ಕ್ರೇನಿನ ಹಗ್ಗ ಹರಿದು ಸರಳಿನ ಕಟ್ಟು ಶಂಕ್ರೆಪ್ಪನ ಕಾಲಿನ ಮೇಲೆ ಬಿತ್ತು. ಕಲಬುರಗಿ ಕಡೆಯಿಂದ ಬಂದು ಗೋಡೌನಿನಲ್ಲಿ ಹಮಾಲಿ ಮಾಡುತ್ತಿದ್ದವನು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಭುಜಂಗ ಶೆಟ್ಟರು ಸರ್ವೋತ್ತಮರನ್ನು ಒಳಗೆ ಕರೆದರು.

"ಪೊಲೀಸ್ ಬರ್ತಾನೆ. ಅವ ನಮ್ಮ ಆಳಲ್ಲ, ಕುಡಿದು ಒಳಗೆ ನುಗ್ಗಿದ ಅಂತ ಹೇಳು. ನಾನೂ ಅದನ್ನೇ ಹೇಳ್ತೇನೆ. ನಾಳೆ ಪಾಲುದಾರ ಆಗುವವ ನೀನು, ನಷ್ಟ ನಿಂದೂ ಹೌದು."

ಸರ್ವೋತ್ತಮ ಶೆಟ್ಟರು ತಲೆಯಾಡಿಸಿದರು. ಪೊಲೀಸ್ ಬಂದು ಕೇಳಿದಾಗ ಅವರು ಮೇಜಿನ ಅಂಚು ಹಿಡಿದು ನಿಂತರು.

"ನಮ್ಮ ಆಳು. ಕುಡಿದಿರಲಿಲ್ಲ. ಹಗ್ಗ ಸವೆದದ್ದು ನಾನು ಶೇಠ್‌ಗೆ ಹೇಳಿದ್ದೆ."

ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು ಪೊಲೀಸರು. ಎರಡನೇ ಸಲ ಅವರ ಸ್ವರ ಮೊದಲಿಗಿಂತ ತಗ್ಗಿತ್ತು. ಆದರೆ ಹೇಳಿದ್ದು ಅದನ್ನೇ.

ಮರುದಿನದಿಂದ ಕೆಲಸವಿರಲಿಲ್ಲ. "ಒಂದು ಸುಳ್ಳು ಹೇಳಿದ್ರೆ ನಿಮ್ಮ ನಾಲಗೆ ಬಿದ್ದು ಹೋಗ್ತಿತ್ತಾ?" ಎಂದು ವಿನೋದಾ ಕೇಳಿದರು. ಅಂದು ಮಾತ್ರವಲ್ಲ, ಠಾಣೆ ಪೇಟೆಯ ಔಷಧದ ಅಂಗಡಿಯೊಂದರಲ್ಲಿ ಅವರಿಗೆ ಅರ್ಧ ಸಂಬಳದ ಕೆಲಸ ಸಿಕ್ಕುವ ತನಕವೂ, ಸಿಕ್ಕಿದ ಮೇಲೂ ಕೇಳಿದರು. ಶಂಕ್ರೆಪ್ಪನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು, ಪರಿಹಾರ ಸಿಕ್ಕಿತು. ಅವನು ಪನ್ವೇಲಿನ ಆಸ್ಪತ್ರೆಯಲ್ಲಿದ್ದಷ್ಟು ದಿನ ಭಾನುವಾರಗಳಲ್ಲಿ ಗಂಜಿ, ಚಟ್ನಿ ತಲುಪಿಸುತ್ತಿದ್ದದ್ದು ಹೈಸ್ಕೂಲಿನಲ್ಲಿದ್ದ ಸಮಿತ್.

*

ಕೆಳಗಿನಿಂದ ಊರುಗೋಲಿನ ಸದ್ದು ಬಂತು. ಶಂಕ್ರೆಪ್ಪ ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಹಿಂದೆ ಅವನ ಹೆಂಡತಿ ಮಾನಮ್ಮ, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಚೆಂಡುಹೂವು.

"ಯಾಕ್ರಿ, ಇಲ್ಲಿ ಇಳಿಸೀರಿ?" ಎಂದು ಅವನು ಕಿಟ್ಟುವನ್ನು ಕೇಳಿದ.

"ದೊಡ್ಡವರು ಬರ್ಲಿಕ್ಕುಂಟಂತೆ."

ಶಂಕ್ರೆಪ್ಪ ಸಮಿತ್‌ನ ಕಡೆ ನೋಡಿದ. ಸಮಿತ್ ಅವನನ್ನು ಕಂಡ, ಗುರುತು ಹಿಡಿದ, ಮತ್ತೆ ಫೋನ್ ನೋಡತೊಡಗಿದ. ಶಂಕ್ರೆಪ್ಪ ಗೋಡೆಗೆ ಊರುಗೋಲು ಆನಿಸಿ, ಚಟ್ಟದ ಪಕ್ಕದ ಮೆಟ್ಟಿಲಲ್ಲಿ ಕೂತು, ಹೆಗಲ ಮೇಲಿನ ಟವೆಲಿನಿಂದ ನೊಣ ಓಡಿಸತೊಡಗಿದ.

"ನಿನ್ನಿ ಸಂಜಿಮುಂದ ಸುದ್ದಿ ಗೊತ್ತಾತ್ರಿ," ಎಂದ, ಯಾರಿಗೆ ಎಂದಿಲ್ಲದೆ. "ಹೋದ ತಿಂಗಳ ನಮ್ಮ ಮನಿಗಿ ಬಂದಿದ್ರು. ಚಾ ಕುಡದು, ಸಕ್ಕರಿ ಜಾಸ್ತಿ ಆತಂತ ಹೇಳಾಕ ಅಂಜಿ, ಅಷ್ಟೂ ಕುಡದು ಹೋದ್ರು."

ಕಿಟ್ಟುವಿಗೆ ನಗು ಬಂತು, ಕಣ್ಣು ಒರೆಸಿಕೊಂಡ. ಮಾನಮ್ಮ ಹೂವಿನ ಚೀಲ ಗಂಡನ ಕೈಗೆ ಕೊಟ್ಟು ವಿನೋದಾರ ಬಳಿಗೆ ಮೇಲೆ ಹೋದಳು.

*

ಭುಜಂಗ ಶೆಟ್ಟರ ಸಂಚಿಕೆ ಬಂದದ್ದು ಹಿಂದಿನ ವರ್ಷ. ಬೆಳಗಿನ ಲೋಕಲಿನಲ್ಲಿ ಸರ್ವೋತ್ತಮ ಶೆಟ್ಟರ ಪಕ್ಕ ಕೂತಿದ್ದ ಕಿಟ್ಟು ಅದನ್ನು ಫೋನಿನಲ್ಲಿ ಜೋರಾಗಿಯೇ ಹಚ್ಚಿದ. ನಮ್ಮ ಶೆಟ್ಟರ ಮಗನ ಪ್ರೋಗ್ರಾಂ ಎಂದು ಸುತ್ತಲಿನವರಿಗೆ ಹೇಳಿದ್ದೂ ಅವನೇ.

ಭುಜಂಗ ಶೆಟ್ಟರು ಹಿಂದಿಯಲ್ಲಿ, ತಾನು ಬರಿಗೈಯಲ್ಲಿ ಬಂದು ಕಬ್ಬಿಣದ ಜೊತೆ ಕಬ್ಬಿಣವಾದದ್ದನ್ನು ವಿವರಿಸುತ್ತಿದ್ದರು. ಆಮೇಲೆ ಸಮಿತ್‌ನ ಸ್ವರ ಬಂತು.

"ಸರ್, ಆಜ್ ಏಕ್ ಪರ್ಸನಲ್ ಬಾತ್ ಬತಾತಾ ಹೂಂ. ನೀವು ನನ್ನ ಪಪ್ಪಾಗೆ ಪಾರ್ಟ್ನರ್‌ಶಿಪ್ ಆಫರ್ ಮಾಡಿದ್ರಿ. ಅವರು ತಗೊಳ್ಳಲಿಲ್ಲ. ಡರ್ ಗಯೇ, ಹೆದರಿದ್ರು. ನಾನು ಆ ಡರ್ ನೋಡಿ ಬೆಳೆದವನು. ಹೇಗೆ ಬದುಕಬಾರದು ಅಂತ ನಾನು ಕಲಿತದ್ದು ಮನೆಯಲ್ಲೇ."

ಭುಜಂಗ ಶೆಟ್ಟರು ನಕ್ಕರು. "ಒಳ್ಳೆ ಮನುಷ್ಯ ನಿನ್ನ ಪಪ್ಪಾ. ಧೈರ್ಯ ಮಾತ್ರ ಸಾಲದು."

ಬೋಗಿಯಲ್ಲಿ ಯಾರೋ, ಇಂಥ ಅಪ್ಪಂದಿರು ಮನೆಗೊಬ್ಬರು ಎಂದರು. ಇನ್ನೊಂದಿಬ್ಬರು ನಕ್ಕರು. ಕಿಟ್ಟು ಫೋನ್ ಆಫ್ ಮಾಡಲು ಹೋದ.

"ಇರಲಿ," ಎಂದರು ಸರ್ವೋತ್ತಮ ಶೆಟ್ಟರು. "ಮುಗಿಯುವ ತನಕ ಕೇಳುವ."

ಮುಗಿಯುವ ತನಕ ಕೇಳಿದರು. ಠಾಣೆ ಬಂತು. ಇಳಿಯುವಾಗ ಅವರು ಹೇಳಿದ್ದು ಇಷ್ಟೇ: "ಅವನ ಹಿಂದಿ ಚಂದ ಆಗಿದೆ, ಅಲ್ವಾ?"

ಆ ರಾತ್ರಿ ಊಟ ಮಾಡುವಾಗ ಅವರು ಮಗನನ್ನು ಕೇಳಿದರು. "ಶಂಕ್ರೆಪ್ಪನ ವಿಷಯ ನಿಂಗೆ ಗೊತ್ತುಂಟಲ್ಲ. ಗಂಜಿ ತಗೊಂಡು ಹೋದವ ನೀನೇ."

"ಗೊತ್ತುಂಟು ಪಪ್ಪಾ. ಅದು ಆ ಸ್ಟೋರಿಗೆ ಫಿಟ್ ಆಗುದಿಲ್ಲ. ಕೇಳುವವರಿಗೆ ಕ್ಲಿಯರ್ ಮೆಸೇಜ್ ಬೇಕು."

"ಹೌದಾ," ಎಂದು ಅವರು ತಟ್ಟೆ ಎತ್ತಿಕೊಂಡು ಎದ್ದರು.

ಅನ್ನದ ಪಾತ್ರೆಯಲ್ಲಿ ವಿನೋದಾರ ಸೌಟು ನಿಂತಿತ್ತು. ಅಷ್ಟು ವರ್ಷ ಗಂಡನನ್ನು ತಾನು ಅಂದದ್ದನ್ನೆಲ್ಲ ಈಗ ಮಗ ಊರಿಗೇ ಕೇಳುವಂತೆ ಅಂದಿದ್ದ. ಅದು ತನ್ನ ಬಾಯಿಂದ ಬಂದಾಗಲೂ ಹೀಗೇ ನಾರುತ್ತಿತ್ತೇ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಮಗನಿಗೆ ಅನ್ನ ಬಡಿಸದೆ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದರು.

*

ಭುಜಂಗ ಶೆಟ್ಟರು ಮೆಟ್ಟಿಲು ಹತ್ತಲಿಲ್ಲ. ಕೆಳಗಿನಿಂದ ಫೋನ್ ಮಾಡಿ, ಮೊಣಕಾಲು ನೋವು, ಅಲ್ಲಿಂದ ಇಳಿಸಿಕೊಂಡು ಬನ್ನಿ ಎಂದರು. ಚಟ್ಟ ಕಾಂಪೌಂಡಿಗೆ ಬಂತು. ಅವರ ಡ್ರೈವರ್ ಸೈಕಲ್ ಚಕ್ರದಷ್ಟು ದೊಡ್ಡ ಹೂವಿನ ಚಕ್ರ ತಂದಿಟ್ಟ. ಅದರ ಪಟ್ಟಿಯ ಮೇಲೆ ಸತ್ತವರ ಹೆಸರಿಗಿಂತ ಕಂಪನಿಯ ಹೆಸರು ದಪ್ಪವಾಗಿತ್ತು.

ಸುತ್ತ ಜನ ಸೇರಿದ್ದು ಕಂಡು ಭುಜಂಗ ಶೆಟ್ಟರಿಗೆ ಮಾತು ಬಂತು.

"ಸಾವು ನಮಗೆ ಏನು ಕಲಿಸ್ತದೆ? ಟೈಮ್ ಕಮ್ಮಿ ಉಂಟು ಅಂತ. ಸರ್ವೋತ್ತಮ ನನ್ನ ಭಾವ. ನಾನು ಕರೆದೆ, ಬಾ, ಒಟ್ಟಿಗೆ ಬೆಳೆಯುವ ಅಂತ. ಅವನಿಗೆ ಧೈರ್ಯ ಸಾಲಲಿಲ್ಲ. ಆದರೆ ಮಗನನ್ನು ನೋಡಿ. ಸಿಂಹ."

ಸಮಿತ್ ಫೋನನ್ನು ಅವರ ಮುಖದ ಮುಂದೆ ಹಿಡಿದಿದ್ದ. ಚಟ್ಟದ ಬಳಿ ನಿಂತಿದ್ದ ಶಂಕ್ರೆಪ್ಪ ಚಿತ್ರದೊಳಗೆ ಬರುತ್ತಿದ್ದ. "ಥೋಡಾ ಸೈಡ್," ಎಂದು ಸಮಿತ್ ಬೆರಳಾಡಿಸಿದ.

"ಅವ ಅಲ್ಲೇ ಇರಲಿ," ಎಂದರು ವಿನೋದಾ. ಮಾನಮ್ಮನ ಕೈ ಹಿಡಿದು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಸ್ವರ ಏರಿಸಿರಲಿಲ್ಲ. "ಭುಜಂಗಣ್ಣ, ಗುರುತು ಸಿಗಲಿಲ್ವಾ? ಇವ ಶಂಕ್ರೆಪ್ಪ. ಕುಡಿದು ನಿಮ್ಮ ಗೋಡೌನಿಗೆ ನುಗ್ಗಿದ ಅಂತ ನೀವು ಪೊಲೀಸರಿಗೆ ಹೇಳಿದ್ದಿರಲ್ಲ, ಅವನೇ. ಅಲ್ಲ ಅಂತ ಹೇಳಿದವರು ಇಲ್ಲಿ ಮಲಗಿದ್ದಾರೆ."

ಭುಜಂಗ ಶೆಟ್ಟರು ಊರುಗೋಲನ್ನು ನೋಡಿದರು. "ಓ. ಆರಾಮ ಉಂಟಾ ಮಾರಾಯ?"

"ಆರಾಮ ಅದೀನ್ರಿ ಶೇಠ್," ಎಂದ ಶಂಕ್ರೆಪ್ಪ. "ಅವತ್ತೂ ಕುಡದಿರಲಿಲ್ರಿ. ಇವತ್ತೂ ಕುಡದಿಲ್ಲ."

ಭುಜಂಗ ಶೆಟ್ಟರು ಗಡಿಯಾರ ನೋಡಿಕೊಂಡರು. ಪನ್ವೇಲಿನಲ್ಲಿ ಯಾರೋ ಕಾಯುತ್ತಿದ್ದಾರೆ ಎಂದು ಗೊಣಗಿ, ಚಟ್ಟಕ್ಕೆ ಕೈ ಮುಗಿಯುವುದನ್ನು ಮರೆತು ಕಾರಿನ ಕಡೆ ನಡೆದರು. ಸಮಿತ್ ಮಡಕೆಯನ್ನು ಕಾಂಪೌಂಡಿನ ಕಟ್ಟೆಯ ಮೇಲಿಟ್ಟು ಅವರ ಹಿಂದೆ ಓಡಿದ.

"ಮಾಮ, ಅಮ್ಮನ ಮಾತು ದಿಲ್ ಪೆ ಮತ್ ಲೇನಾ, ಬೇಜಾರು ಮಾಡ್ಬೇಡಿ. ಇವತ್ತು ಟ್ರಿಬ್ಯೂಟ್ ಎಪಿಸೋಡ್ ಹಾಕ್ತೇನೆ. ನಿಮ್ಮದು ಎರಡು ಮಾತು ಸಿಕ್ಕಿದ್ರೆ..."

ಕಾರಿನ ಗಾಜು ಅರ್ಧ ಇಳಿಯಿತು. ಸಮಿತ್ ಬಗ್ಗಿ ನಿಂತ. ಶವದ ಗಾಡಿಯವನು ಎಂಜಿನ್ ಶುರು ಮಾಡಿ ಹಾರ್ನ್ ಹೊಡೆದ. ಕಿಟ್ಟು ಒಂದು ಕ್ಷಣ ಆ ಬಗ್ಗಿದ ಬೆನ್ನನ್ನು ನೋಡಿ ನೆಲಕ್ಕೆ ಉಗುಳಿದ.

"ಎತ್ತುವ," ಎಂದ.

ಎತ್ತಿದರು. ಮಡಕೆಯನ್ನೂ ಕಿಟ್ಟುವೇ ತೆಗೆದುಕೊಂಡ. ಶಂಕ್ರೆಪ್ಪನನ್ನು ಇಬ್ಬರು ಹಿಡಿದು ಗಾಡಿಗೆ ಹತ್ತಿಸಿದರು. ಗಾಡಿ ಗೇಟು ದಾಟಿದ ಮೇಲೆ ಸಮಿತ್ ತಿರುಗಿ ನೋಡಿ, ಆಟೋ ಹಿಡಿದು ಹಿಂದೆಯೇ ಸ್ಮಶಾನಕ್ಕೆ ಬಂದ, ಬೆಂಕಿ ಕೊಟ್ಟ. ಎಲ್ಲರೂ ಕೆಲಸ ಮುಗಿಯುವವರೆಗೆ ಅವನಿಂದ ಒಂದು ಮಾರು ದೂರದಲ್ಲಿ ನಿಂತಿದ್ದರು.

*

ಬಿಲ್ಡಿಂಗಿನ ನೀರಿನ ಟಾಂಕಿ ಬೆಳಿಗ್ಗೆಯೇ ಖಾಲಿಯಾಗಿದ್ದರಿಂದ ವಿನೋದಾರ ಸ್ನಾನ ಸಂಜೆಯ ತನಕ ಉಳಿದಿತ್ತು. ನಳ್ಳಿಯಲ್ಲಿ ನೀರು ಬಂದ ಸದ್ದಿಗೆ ಮಾನಮ್ಮ ಎದ್ದಳು. "ಬರ್ರಿ ಅಕ್ಕಾರ, ನಾ ನೀರ ಹಾಕ್ತೀನಿ," ಎಂದು ಅವರನ್ನು ಬಚ್ಚಲಿಗೆ ಕರೆದೊಯ್ದು, ಉಟ್ಟ ಸೀರೆಯಲ್ಲೇ ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಚೊಂಬಿನಿಂದ ಸುರಿದಳು. ವಿನೋದಾ ಬೆಳಗಿನಿಂದ ಅತ್ತಿರಲಿಲ್ಲ. ಈಗಲೂ ಮುಖದ ಮೇಲೆ ಇಳಿದದ್ದು ಯಾವ ನೀರೆಂದು ಮಾನಮ್ಮನಿಗೆ ತಿಳಿಯಲಿಲ್ಲ.

ಪಕ್ಕದ ಕೋಣೆಯಲ್ಲಿ ಸಮಿತ್ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿದ್ದ. ತೆಳುವಾದ ಗೋಡೆಯಾಚೆಯಿಂದ ಅವನ ಸ್ವರ ಬರುತ್ತಿತ್ತು. "ನಮಸ್ತೆ ದೋಸ್ತೋಂ. ಆಜ್ ಮೈನೇ ಅಪ್ನೇ ಹೀರೋ ಕೋ ಖೋಯಾ ಹೈ..." ನಿಲ್ಲಿಸಿದ. ಇವತ್ತು ನನ್ನ ಹೀರೋನನ್ನು ಕಳೆದುಕೊಂಡೆ ಎಂದು ಮೊದಲಿನಿಂದ ಮತ್ತೆ ಹೇಳಿದ. ಈ ಸಲ ಗಂಟಲು ಸ್ವಲ್ಪ ಹೆಚ್ಚು ಬಿಗಿಯಿತು. ಮತ್ತೆ ನಿಲ್ಲಿಸಿ ಬಂದು ಬಚ್ಚಲಿನ ಬಾಗಿಲು ತಟ್ಟಿದ.

"ಅಮ್ಮಾ, ನಳ್ಳಿ ಬಂದ್ ಮಾಡು. ಐದು ನಿಮಿಷ ಸಾಕು. ಪಪ್ಪಾಂದು ರೆಕಾರ್ಡ್ ಮಾಡ್ತಾ ಇದ್ದೇನೆ, ಆವಾಜ್ ಬರ್ತಾ ಉಂಟು."

ಮಾನಮ್ಮ ಚೊಂಬು ಹಿಡಿದು ವಿನೋದಾರ ಮುಖ ನೋಡಿದಳು.

ವಿನೋದಾ ಮೂಲೆಯಲ್ಲಿ ಕವುಚಿಟ್ಟಿದ್ದ ಹಿತ್ತಾಳೆಯ ಹಂಡೆಯನ್ನು ಎಳೆದು, ನೆಟ್ಟಗೆ ಮಾಡಿ, ಎರಡನೇ ನಳ್ಳಿಯ ಕೆಳಗೆ ನೂಕಿದರು. ತಿರುಪನ್ನು ತಿರುಗುವಷ್ಟೂ ತಿರುಗಿಸಿದರು. ಖಾಲಿ ಹಂಡೆಯ ತಳಕ್ಕೆ ನೀರು ದಬದಬನೆ ಬಡಿಯತೊಡಗಿತು. ಬಾಗಿಲು ಮತ್ತೆ ಅಲುಗಿತು. ಹೊರಗಿನ ಮಾತು ಕೇಳಿಸಲಿಲ್ಲ. ಅವರು ತಲೆ ಬಗ್ಗಿಸಿ ಕೂದಲನ್ನು ಮುಂದಕ್ಕೆ ಹಾಕಿಕೊಂಡರು. ಮಾನಮ್ಮ ಇನ್ನೊಂದು ಚೊಂಬು ಸುರಿದಳು.